ಕೆಲಸ ಹೋಯಿತು, ಬೆಂಗಳೂರು ಬಿಡಬೇಕು: ಯಾವುದು ಮೊದಲು, ಯಾವುದು ಆಮೇಲೆ?

ಅರಳಿಕಟ್ಟೆ (ಪ್ರಶ್ನೆ)

ನಾಲ್ಕು ಜನರ ಸಂಸಾರ, ದುಡಿಯುವವರು ಒಬ್ಬರು. ಐಟಿ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮಹದೇವಪುರದ ಕಡೆ ಬಾಡಿಗೆ 30,000, ಮೆಂಟೆನೆನ್ಸ್ 4,000, ಬೇಸಿಗೆಯಲ್ಲಿ ಟ್ಯಾಂಕರ್ ಪಾಲು ಬೇರೆ. ಮನೆಗೆ ಕೊಟ್ಟ ಅಡ್ವಾನ್ಸ್ 3 ಲಕ್ಷ. ಮಕ್ಕಳು 3 ಮತ್ತು 8ನೇ ತರಗತಿ, ಸಿಬಿಎಸ್‌ಇ. ಕೈಯಲ್ಲಿ ಐದಾರು ತಿಂಗಳು ತಳ್ಳುವಷ್ಟು ದುಡ್ಡಿದೆ. ಕಳೆದ ವರ್ಷದಿಂದ ಬಸ್ಸು, ಮೆಟ್ರೊ, ಹಾಲು, ಕರೆಂಟು, ನೀರು ಎಲ್ಲದರ ದರವೂ ಏರಿದೆ. ಮೈಸೂರು ಅಥವಾ ಹುಬ್ಬಳ್ಳಿಗೆ ಹೋದರೆ ಉಸಿರಾಡಬಹುದು ಅನ್ನುವ ಯೋಚನೆ. "ಹೋಗಿ, ಚೆನ್ನಾಗಿರುತ್ತೆ" ಅನ್ನುವ ಉತ್ತರ ಬೇಡ. ಯಾವ ಕೆಲಸ ಯಾವ ಕ್ರಮದಲ್ಲಿ ಮಾಡಬೇಕು, ದುಡ್ಡು ಎಲ್ಲಿ ಸೋರುತ್ತದೆ, ಅದು ಬೇಕು.

ಲೆಕ್ಕದ ಪುಸ್ತಕ (ಉತ್ತರ)

ಮೊದಲು ದರ ಏರಿಕೆಯ ವಿಷಯ ಬದಿಗಿಡಿ. 2025ರ ಜನವರಿ 5ರಿಂದ ಬಸ್ ದರ ಶೇ 15 ಏರಿತು. ಫೆಬ್ರುವರಿ 9ರಿಂದ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಸಿಟ್ಟು ಬರುತ್ತದೆ, ನಿಜ. ಆದರೆ ದಿನಕ್ಕೆ ಎರಡು ಲೀಟರ್ ಹಾಲು ತರುವ ಮನೆಗೆ ತಿಂಗಳಿಗೆ ಹೆಚ್ಚಾದದ್ದು 240 ರೂಪಾಯಿ. ಆ ಏರಿಕೆ ಮೈಸೂರಿಗೂ ಆಗಿದೆ, ಹುಬ್ಬಳ್ಳಿಗೂ ಆಗಿದೆ. ಗ್ಯಾಸ್, ಮೊಬೈಲು, ಸಾಲದ ಕಂತು, ಎಲ್‌ಐಸಿ ಯಾವುದೂ ಊರು ಬದಲಾದರೆ ಇಳಿಯುವುದಿಲ್ಲ. ಇಳಿಯುವುದು ಬಾಡಿಗೆ, ಮೆಂಟೆನೆನ್ಸ್, ನೀರು, ಓಡಾಟ, ಶಾಲೆ ಫೀಸು. ಲೆಕ್ಕ ಇಷ್ಟಕ್ಕೇ ಹಾಕಿ.

ನಿಮ್ಮ ಅಂಕಿಗಳನ್ನೇ ಹಿಡಿದು ಒಂದು ಮಾದರಿ ಲೆಕ್ಕ. ಈಗ 30,000 + 4,000 + ನೀರಿಗೆ 1,500, ಒಟ್ಟು 35,500. ಹೊಸ ಊರಲ್ಲಿ ಬಾಡಿಗೆ 16,000, ಇತರೆ 1,000 ಅಂದುಕೊಳ್ಳಿ. ತಿಂಗಳಿಗೆ ಉಳಿಯುವುದು 18,500. ಇನ್ನು ಒಂದೇ ಸಲದ ಖರ್ಚು: ಪೇಂಟಿಂಗ್ ಹೆಸರಲ್ಲಿ ಹಿಡಿಯುವ ಒಂದು ತಿಂಗಳ ಬಾಡಿಗೆ 30,000, ಲಾರಿ ಮತ್ತು ಪ್ಯಾಕಿಂಗ್ 30,000, ಬ್ರೋಕರ್‌ಗೆ ಹೊಸ ಮನೆಯ ಒಂದು ತಿಂಗಳ ಬಾಡಿಗೆ 16,000, ಗೀಸರ್ ಜೋಡಣೆ, ಪರದೆ, ಇಂಟರ್‌ನೆಟ್, ಸಣ್ಣಪುಟ್ಟ ಎಲ್ಲ ಸೇರಿ 10,000. ಅಲ್ಲಿಗೆ 86,000. ಇದನ್ನು ಗಿಟ್ಟಿಸಲು ಐದು ತಿಂಗಳು ಬೇಕು. ಇಬ್ಬರು ಮಕ್ಕಳ ಪ್ರವೇಶ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ 80,000 ಸೇರಿಸಿದರೆ ಮೊತ್ತ 1,66,000, ಗಿಟ್ಟಲು ಒಂಬತ್ತು ತಿಂಗಳು. ಏಳನೇ ತಿಂಗಳಿಗೆ ಬೆಂಗಳೂರಲ್ಲೇ ಕೆಲಸ ಸಿಕ್ಕಿ ವಾಪಸ್ ಬಂದರೆ ನೀವು ಉಳಿಸಿದ್ದೇನೂ ಇಲ್ಲ, ಕೈಯಿಂದ ಕಳೆದದ್ದೇ ಹೆಚ್ಚು.

ಹಾಗಾದರೆ ಜನ ಯಾಕೆ ಹೋಗುತ್ತಾರೆ? ಅಡ್ವಾನ್ಸ್‌ಗಾಗಿ. 3 ಲಕ್ಷ ಬಿಡುಗಡೆಯಾಗಿ ಹೊಸ ಮನೆಗೆ ಐದು ತಿಂಗಳ ಅಡ್ವಾನ್ಸ್ 80,000 ಕೊಟ್ಟರೆ 2,20,000 ಕೈಗೆ ಬರುತ್ತದೆ. ಶಾಲೆ ಖರ್ಚೂ ಸೇರಿ ಎಲ್ಲ ಕಳೆದರೂ 54,000 ನಗದು ಉಳಿಯಿತು, ತಿಂಗಳ ಹೊರೆ ಅರ್ಧಕ್ಕಿಳಿಯಿತು. ಅಂದರೆ ಇದು ಉಳಿತಾಯದ ಆಟ ಅಲ್ಲ, ಕೈಯಲ್ಲಿ ನಗದು ಇಟ್ಟುಕೊಳ್ಳುವ ಆಟ. ಅಡ್ವಾನ್ಸ್ ಪೂರ್ತಿ, ಹೇಳಿದ ದಿನಕ್ಕೆ ಬರದಿದ್ದರೆ ಮೇಲಿನ ಲೆಕ್ಕವೆಲ್ಲ ಕುಸಿಯುತ್ತದೆ.

ಇನ್ನೊಂದು ದಾರಿಯನ್ನು ಬಹಳ ಜನ ನೋಡುವುದೇ ಇಲ್ಲ: ಬೆಂಗಳೂರೊಳಗೇ ಸರಿಯುವುದು. ಆಫೀಸು ಇಲ್ಲದ ಮೇಲೆ ಮಹದೇವಪುರದಲ್ಲಿ ಇರಬೇಕಾದ ಕಾರಣ ಶಾಲೆ ಮಾತ್ರ. ಶಾಲೆ ಬಸ್ಸಿನ ರೂಟಿನಲ್ಲೇ ಹಳೆಯ ಸ್ವತಂತ್ರ ಕಟ್ಟಡದ ಮನೆ, ಲಿಫ್ಟು ಕ್ಲಬ್‌ಹೌಸು ಇಲ್ಲದ್ದು, ಸಿಕ್ಕರೆ ಮೆಂಟೆನೆನ್ಸ್ ಪೂರ್ತಿ ಹೋಗುತ್ತದೆ, ಬಾಡಿಗೆಯೂ ಇಳಿಯುತ್ತದೆ, 80,000ದ ಶಾಲೆ ಖರ್ಚು ಬರುವುದೇ ಇಲ್ಲ.

ಫಾರಂ ನಂಬರ್ ಹತ್ತೊಂಬತ್ತು

ಮನೆ ವಿಷಯ ಆಮೇಲೆ. ಕೊನೆಯ ಕೆಲಸದ ದಿನಕ್ಕೆ ಮೊದಲು ಮಾಡಿ ಮುಗಿಸಬೇಕಾದದ್ದು ಬೇರೆ ಇದೆ.

ಆರೋಗ್ಯ ವಿಮೆ ಎಲ್ಲಕ್ಕಿಂತ ಮೊದಲು. ಕಂಪನಿಯ ಗುಂಪು ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗಲು ಅವಕಾಶವಿದೆ. ಆಗ ಗುಂಪು ಪಾಲಿಸಿಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆಯಾಗುತ್ತವೆ. ಬಿಟ್ಟು ಆಮೇಲೆ ಹೊಸದು ಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನಕ್ಕೂ ಕವರ್ ಇಲ್ಲ, ಮೊದಲೇ ಇರುವ ಬಿಪಿ ಶುಗರ್‌ಗೆ ಮೂರು ವರ್ಷದವರೆಗೂ ಕಾಯಿಸಬಹುದು. ಎಚ್‌ಆರ್‌ಗೆ ಇಂದೇ ಮೇಲ್ ಹಾಕಿ, ಪಾಲಿಸಿ ನಂಬರು ಮತ್ತು ನೀವು ಸೇರಿದ ದಿನಾಂಕದ ಪತ್ರ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಅಷ್ಟು ಸಮಾಧಾನ. ಒಂದು ಎಚ್ಚರಿಕೆ: ಕೆಲವು ಸಂಸ್ಥೆಗಳು ಊರಿನ ವಲಯ ನೋಡಿ ಪ್ರೀಮಿಯಂ ಹಾಕುತ್ತವೆ. ಮೈಸೂರಿನ ವಿಳಾಸ ಕೊಟ್ಟು ಕಡಿಮೆ ಕಟ್ಟಿ, ಬೆಂಗಳೂರಿನ ಆಸ್ಪತ್ರೆಗೆ ಸೇರಿದರೆ ಬಿಲ್ಲಿನ ಒಂದು ಪಾಲು ನಿಮ್ಮ ತಲೆಗೆ ಬರಬಹುದು. ಪಾಲಿಸಿಯಲ್ಲಿ ವಲಯದ ಷರತ್ತು ಇದೆಯೇ ನೋಡಿ ಸಹಿ ಹಾಕಿ.

ಎರಡನೆಯದು, ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೀರಿ ಅನ್ನುವುದು. "ನೀವೇ ರಾಜೀನಾಮೆ ಕೊಟ್ಟುಬಿಡಿ, ದಾಖಲೆ ಚೆನ್ನಾಗಿರುತ್ತದೆ" ಅನ್ನುತ್ತಾರೆ. ರಾಜೀನಾಮೆ ಕೊಟ್ಟ ಮೇಲೆ ಅದು ಕಾನೂನಿನ ಕಣ್ಣಲ್ಲಿ ಕೆಲಸದಿಂದ ತೆಗೆದದ್ದು ಅನ್ನಿಸಿಕೊಳ್ಳುವುದಿಲ್ಲ. ತೆಗೆದದ್ದಾದರೆ, ಕಾನೂನಿನ ಪ್ರಕಾರ 'ಕಾರ್ಮಿಕ' ವ್ಯಾಖ್ಯೆಗೆ ಬರುವವರಿಗೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಸಿಗಬೇಕು. ಮ್ಯಾನೇಜರ್ ಹುದ್ದೆಯವರು ಈ ವ್ಯಾಖ್ಯೆಗೆ ಬರುವುದಿಲ್ಲ. ಅವರಿಗೆ ಆಫರ್ ಲೆಟರಿನಲ್ಲಿ ಏನಿದೆಯೋ ಅದೇ ಗತಿ. ರಾಜೀನಾಮೆಯನ್ನೇ ಕೊಡಬೇಕಾಗಿ ಬಂದರೆ ಎಷ್ಟು ತಿಂಗಳ ಸಂಬಳ, ಯಾವ ದಿನಾಂಕಕ್ಕೆ, ವಿಮೆ ಎಲ್ಲಿಯವರೆಗೆ, ಈ ಮೂರೂ ಮೇಲ್‌ನಲ್ಲಿ ಬಂದ ಮೇಲೆ ಕೊಡಿ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ವೇತನ ಸಂಹಿತೆಯ 17ನೇ ಕಲಂ ಪ್ರಕಾರ ತೆಗೆದರೂ ಬಿಟ್ಟರೂ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. "45 ದಿನ ಆಗುತ್ತೆ, ನಮ್ಮ ಪಾಲಿಸಿ" ಅಂದರೆ ಈ ಕಲಂ ಉಲ್ಲೇಖಿಸಿ ಒಂದು ಮೇಲ್ ಹಾಕಿ. ಗ್ರಾಚುಯಿಟಿ ಬೇರೆ, ಅದಕ್ಕೆ 30 ದಿನದ ಗಡುವು. ಐದು ವರ್ಷ ತುಂಬಿದ್ದರೆ ಕೊನೆಯ ವೇತನ (ಮೂಲ ವೇತನ ಮತ್ತು ತುಟ್ಟಿಭತ್ಯೆ, ಅದು ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇದ್ದರೆ ಅರ್ಧ) × 15 ÷ 26 × ವರ್ಷಗಳು. ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆ ಅವಧಿ ಒಂದು ಪೂರ್ತಿ ವರ್ಷವಾಗಿ ಎಣಿಕೆಯಾಗುತ್ತದೆ. ಎಚ್‌ಆರ್ ಲೆಕ್ಕದಲ್ಲಿ ಇದು ತಪ್ಪುವುದು ಅಪರೂಪವಲ್ಲ.

ಆದಾಯ ತೆರಿಗೆಯಲ್ಲಿ ಒಂದು ಸಣ್ಣ ಖಜಾನೆ ಇರಬಹುದು. ಕಂಪನಿ ಪ್ರತಿ ತಿಂಗಳು ಟಿಡಿಎಸ್ (ಸಂಬಳದಲ್ಲೇ ಮುರಿಯುವ ತೆರಿಗೆ) ಹಿಡಿಯುವುದು ಇಡೀ ವರ್ಷದ ಸಂಬಳ ಬರುತ್ತದೆ ಎಂಬ ಅಂದಾಜಿನ ಮೇಲೆ. ತಿಂಗಳಿಗೆ 1.6 ಲಕ್ಷ ಸಂಬಳದವರ ಕೆಲಸ ಅಕ್ಟೋಬರ್ ಕೊನೆಗೆ ಹೋದರೆ ವರ್ಷದ ಆದಾಯ 11.2 ಲಕ್ಷ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಶೂನ್ಯ. ಅಷ್ಟರಲ್ಲಿ ಹಿಡಿದ ಮೊತ್ತ ಒಂದು ಲಕ್ಷದ ಆಸುಪಾಸು ಇರುತ್ತದೆ. ಕೊನೆಯ ಸಂಬಳದಲ್ಲಿ ಮರುಲೆಕ್ಕ ಹಾಕಿಸಿ, ಆಗದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ. ಬಿಡುವಾಗ ಕೊಡುವ ಪರಿಹಾರವೂ ಸಾಮಾನ್ಯವಾಗಿ ಆದಾಯಕ್ಕೆ ಸೇರುತ್ತದೆ. ಅದರಿಂದ ಗಡಿ ದಾಟುವ ಹಾಗಿದ್ದರೆ ಆ ಮೊತ್ತವನ್ನು ಏಪ್ರಿಲ್‌ನಲ್ಲಿ ಕೊಡಲು ಕೇಳಿ ನೋಡಿ, ಕೆಲವರು ಒಪ್ಪುತ್ತಾರೆ.

ಇನ್ನು ಪಿಎಫ್. ಹಳೆಯ ನಿಯಮದಲ್ಲಿ ಒಂದು ತಿಂಗಳು ಕೆಲಸವಿಲ್ಲದಿದ್ದರೆ ಶೇ 75, ಎರಡು ತಿಂಗಳಾದರೆ ಉಳಿದದ್ದು. 2025ರ ಅಕ್ಟೋಬರ್ 13ರಂದು ಟ್ರಸ್ಟಿಗಳ ಮಂಡಳಿ ಬದಲಾಯಿಸಲು ತೀರ್ಮಾನಿಸಿದ್ದು ಹೀಗೆ: ಶೇ 75 ತಕ್ಷಣ, ಉಳಿದ ಶೇ 25 ಕೆಲಸವಿಲ್ಲದೆ 12 ತಿಂಗಳಾದ ಮೇಲೆ. ಆದ್ದರಿಂದ ನಿಮ್ಮ ಬಜೆಟ್‌ನಲ್ಲಿ ಮುಕ್ಕಾಲು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಕ್ಲೇಮ್ ತಿರಸ್ಕಾರವಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಕಂಪನಿ ಬಿಟ್ಟ ದಿನಾಂಕ ನಮೂದಾಗಿಲ್ಲ, ಆಧಾರ್‌ನ ಹೆಸರಿಗೂ ಯುಎಎನ್‌ನ (ನಿಮ್ಮ ಪಿಎಫ್ ಸಂಖ್ಯೆ) ಹೆಸರಿಗೂ ಇನಿಶಿಯಲ್ ವ್ಯತ್ಯಾಸ, ಹಳೆಯ ಬ್ಯಾಂಕ್ ಖಾತೆಯ ಐಎಫ್‌ಎಸ್‌ಸಿ. ಮೊದಲನೆಯದನ್ನು ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನಲ್ಲಿ ನಮೂದಿಸಬಹುದು. ಉಳಿದೆರಡನ್ನು ಕೆಲಸದಲ್ಲಿ ಇರುವಾಗಲೇ ಸರಿಪಡಿಸಿ. ಆಮೇಲೆ ಅದನ್ನು ಅನುಮೋದಿಸಬೇಕಾದ ಕಂಪನಿಯವರು ಫೋನ್ ಎತ್ತುವುದಿಲ್ಲ.

ಹಳೇ ರೆವಿನ್ಯೂ ಸೈಟು

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಪಿಎಫ್ ತೆಗೆಯಬಹುದು ಅಂದಮಾತ್ರಕ್ಕೆ ಅದು ಮೊದಲ ದುಡ್ಡಲ್ಲ. ಒಟ್ಟು ಸೇವೆ ಐದು ವರ್ಷಕ್ಕಿಂತ ಕಡಿಮೆ ಇದ್ದರೆ ತೆಗೆದ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ, 50,000 ದಾಟಿದರೆ ಶೇ 10 ಅಲ್ಲೇ ಹಿಡಿಯುತ್ತಾರೆ. ಹಿಂದಿನ ಕಂಪನಿಯ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಐದಕ್ಕೆ ಸೇರುತ್ತವೆ. ಆದ್ದರಿಂದ ಮೊದಲು ವರ್ಗಾವಣೆ, ಆಮೇಲೆ ಕ್ಲೇಮ್. ಪಿಂಚಣಿ ಭಾಗವನ್ನಂತೂ ಮುಟ್ಟಬೇಡಿ. ಹತ್ತು ವರ್ಷಕ್ಕೆ ಮೊದಲು ಫಾರಂ 10ಸಿ ಹಾಕಿ ತೆಗೆದರೆ ಆ ಸೇವೆ ಅಳಿಸಿಹೋಗಿ ಮುಂದಿನ ಕೆಲಸದಲ್ಲಿ ಎಣಿಕೆ ಸೊನ್ನೆಯಿಂದ ಶುರು. ಹತ್ತು ದಾಟಿದ್ದರೆ ತೆಗೆಯಲೂ ಬರುವುದಿಲ್ಲ.

ಮನೆ ಸಾಲ ಇರುವವರಿಗೆ: ಕಂತು ತಪ್ಪುವ ಮೊದಲು ಬ್ಯಾಂಕಿಗೆ ಹೋಗಿ, ತಪ್ಪಿದ ಮೇಲಲ್ಲ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ), ಅದಾದ ಮೇಲೆ ಮನೆ ಜಪ್ತಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು. ಅದಕ್ಕೂ ಮೊದಲು ಅವಧಿ ಹೆಚ್ಚಿಸಿ ಕಂತು ಇಳಿಸಿಕೊಳ್ಳುವ ದಾರಿ ತೆರೆದಿರುತ್ತದೆ.

ಎರಡನೇ ಅಡ್ಡರಸ್ತೆ

ಅಡ್ವಾನ್ಸ್ ಬಗ್ಗೆ. ಬೆಂಗಳೂರಿನ ಬಾಡಿಗೆ ಕಾನೂನು ನಿಮ್ಮನ್ನು ಕಾಪಾಡುತ್ತದೆ ಅಂದುಕೊಳ್ಳಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ತಿಂಗಳಿಗೆ 3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗೆ ಅನ್ವಯವಾಗುವುದೇ ಇಲ್ಲ. ಎರಡು ತಿಂಗಳ ಅಡ್ವಾನ್ಸ್ ಅನ್ನುವ ಕೇಂದ್ರದ ಮಾದರಿ ಕಾಯ್ದೆ ಇಲ್ಲಿ ಕಾನೂನಾಗಿಲ್ಲ. ನಿಮ್ಮ 11 ತಿಂಗಳ ಕರಾರಿನಲ್ಲಿ ಬರೆದದ್ದೇ ಶಾಸನ. ಈಗಲೇ ತೆಗೆದು ನಾಲ್ಕು ಸಾಲು ಹುಡುಕಿ: ನೋಟಿಸ್ ಅವಧಿ ಒಂದು ತಿಂಗಳೋ ಎರಡೋ, ಲಾಕ್-ಇನ್ (ಇಷ್ಟು ತಿಂಗಳು ಬಿಡುವಂತಿಲ್ಲ ಅನ್ನುವ ಷರತ್ತು) ಇದೆಯೇ, ಪೇಂಟಿಂಗ್ ಕಡಿತ "ಒಂದು ತಿಂಗಳ ಬಾಡಿಗೆ" ಎಂದೋ "ನಿಜವಾದ ಖರ್ಚು" ಎಂದೋ, ಅಡ್ವಾನ್ಸ್ ಯಾವ ದಿನ ವಾಪಸ್.

ನಾಲ್ಕನೆಯದು ಬಹಳ ಕರಾರುಗಳಲ್ಲಿ ಇರುವುದೇ ಇಲ್ಲ. ಜಗಳ ಹುಟ್ಟುವುದು ಅಲ್ಲಿಂದಲೇ. ಮಾಲೀಕರು ಆ ದುಡ್ಡನ್ನು ಖರ್ಚು ಮಾಡಿರುತ್ತಾರೆ. ಹೊಸ ಬಾಡಿಗೆದಾರ ಬಂದು ಅಡ್ವಾನ್ಸ್ ಕೊಟ್ಟ ಮೇಲೆಯೇ ನಿಮ್ಮದು. ಆದ್ದರಿಂದ ನೋಟಿಸ್ ಕೊಟ್ಟ ದಿನವೇ ಮನೆ ತೋರಿಸಲು ಒಪ್ಪಿಕೊಳ್ಳಿ, ವಾರಾಂತ್ಯದ ಸಮಯ ಬಿಟ್ಟುಕೊಡಿ, ಗೊತ್ತಿರುವವರ ಗುಂಪುಗಳಲ್ಲಿ ನೀವೇ ಹಾಕಿ. ಹೊಸಬರನ್ನು ಹುಡುಕಿಕೊಡುವುದು ನಿಮ್ಮ ಕರ್ತವ್ಯ ಅಲ್ಲ, ಆದರೆ ನಿಮ್ಮ 3 ಲಕ್ಷ ಬೇಗ ಬರಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ನೋಟಿಸ್ ಬಾಯಿಮಾತಿನಲ್ಲಿ ಬೇಡ. ವಾಟ್ಸ್ಆ್ಯಪ್ ಆದರೂ ಸರಿ, "ಇಂಥ ದಿನ ಖಾಲಿ ಮಾಡುತ್ತೇವೆ, ಕರಾರಿನ ಇಂಥ ಕಲಂ" ಎಂದು ಬರೆದು, ಅವರು "ಸರಿ" ಅಂದದ್ದನ್ನು ಇಟ್ಟುಕೊಳ್ಳಿ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಹಿಡಿದುಕೊಳ್ಳಿ ಎಂದು ಕೇಳಬಹುದು. 10 ತಿಂಗಳ ಅಡ್ವಾನ್ಸ್ ಇರುವಾಗ ಮಾಲೀಕರಿಗೆ ಇದರಿಂದ ಅಪಾಯವಿಲ್ಲ, ಒಪ್ಪುವವರೂ ಇದ್ದಾರೆ. ಒಪ್ಪಿಗೆ ಇಲ್ಲದೆ ಬಾಡಿಗೆ ನಿಲ್ಲಿಸಬೇಡಿ. ಆಮೇಲೆ ಗೋಡೆಯ ಪ್ರತಿ ಮೊಳೆ ತೂತಿಗೂ ದುಡ್ಡು ಹಿಡಿಯುತ್ತಾರೆ.

ಖಾಲಿ ಮಾಡುವ ಹಿಂದಿನ ದಿನ ಪ್ರತಿ ಕೋಣೆ, ಬಾತ್‌ರೂಮಿನ ನಲ್ಲಿಗಳು, ಕಿಚನ್ ಸಿಂಕಿನ ಕೆಳಗೆ, ಮೀಟರ್ ರೀಡಿಂಗ್ ಎಲ್ಲದರ ವಿಡಿಯೊ ತೆಗೆಯಿರಿ. ಕೊನೆಯ ಬೆಸ್ಕಾಂ ಬಿಲ್ ಕಟ್ಟಿದ ರಸೀದಿ, ಅಸೋಸಿಯೇಷನ್ನಿನ ಬಾಕಿ ಇಲ್ಲ ಪತ್ರ ಕೈಯಲ್ಲಿರಲಿ. ಕೀ ಕೊಡುವುದು ಮತ್ತು ಹಣ ಖಾತೆಗೆ ಬರುವುದು ಒಂದೇ ಕೂತಲ್ಲಿ ಆಗಬೇಕು. "ಹತ್ತು ದಿನದಲ್ಲಿ ಹಾಕ್ತೀನಿ" ಅಂದರೆ ಒಂದು ಕೀ ನಿಮ್ಮ ಬಳಿಯೇ ಇರಲಿ, ಯಾವ ದಿನ ಎಷ್ಟು ಎಂದು ಬರೆಸಿಕೊಳ್ಳಿ.

ಭೋಗ್ಯಕ್ಕೆ ಹಾಕಿಕೊಂಡಿರುವವರ ಕಷ್ಟ ಬೇರೆ ಥರ. ಅಲ್ಲಿ ಸಿಕ್ಕಿಕೊಂಡಿರುವುದು 15–25 ಲಕ್ಷ. ಹೊಸ ಊರಲ್ಲಿ ಭೋಗ್ಯಕ್ಕೆ ಹೋಗುವ ಆಸೆಯಾದರೆ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ ಮನೆ ಮೇಲೆ ಬ್ಯಾಂಕ್ ಸಾಲ ಇದೆಯೇ ನೋಡಿ. ಸಾಲ ಕಟ್ಟದೆ ಮನೆ ಜಪ್ತಿಯಾದರೆ, ನೋಂದಣಿಯಿಲ್ಲದ ಭೋಗ್ಯದ ಕಾಗದ ಹಿಡಿದವರನ್ನು ಬ್ಯಾಂಕು ಮಾತಾಡಿಸುವುದೂ ಇಲ್ಲ.

ಸೀಮೆಸುಣ್ಣ

8ನೇ ತರಗತಿಯ ಮಗುವೇ ಈ ಇಡೀ ಲೆಕ್ಕದ ಕೀಲಿ, ಅದನ್ನು ಯಾರೂ ಎತ್ತಲಿಲ್ಲ. ಸಿಬಿಎಸ್‌ಇಯಲ್ಲಿ 9ನೇ ತರಗತಿಗೆ ಮಂಡಳಿಯ ನೋಂದಣಿ ಆಗುತ್ತದೆ, 10ನೇ ತರಗತಿ ಪರೀಕ್ಷೆ ಅದರ ಮೇಲೆ ನಿಂತಿದೆ. 9 ಮುಗಿಸಿ 10ಕ್ಕೆ ಶಾಲೆ ಬದಲಿಸಲು ಮಂಡಳಿಯ ಅನುಮತಿ, ಕಾರಣಕ್ಕೆ ದಾಖಲೆ, ಅದೂ ಸಿಬಿಎಸ್‌ಇಯಿಂದ ಸಿಬಿಎಸ್‌ಇಗೆ ಮಾತ್ರ. ರಾಜ್ಯ ಪಠ್ಯಕ್ಕೆ ಬದಲಾಗುವ ಯೋಚನೆ ಇದ್ದರೂ 9ಕ್ಕೇ ಬದಲಾಗಿ, ಎಸ್‌ಎಸ್‌ಎಲ್‌ಸಿ ವರ್ಷಕ್ಕಲ್ಲ. ಅಂದರೆ ಸುಲಭವಾಗಿ ಹೋಗಲು ಇರುವ ಬಾಗಿಲು ಒಂದೇ: 8 ಮುಗಿದು 9 ಶುರುವಾಗುವ ಮಧ್ಯೆ. ಈ ಬಾಗಿಲು ದಾಟಿದರೆ ಎರಡು ವರ್ಷ ಅಲ್ಲಾಡಬೇಡಿ.

ಸಿಬಿಎಸ್‌ಇ ಶಾಲೆಗಳು ಏಪ್ರಿಲ್ ಹೊತ್ತಿಗೆ ಶುರು, ರಾಜ್ಯ ಪಠ್ಯದವು ಮೇ ಕೊನೆ ಜೂನ್ ಆರಂಭಕ್ಕೆ. ಮುಂದಿನ ವರ್ಷದ ಕಂತನ್ನು ಫೆಬ್ರುವರಿ ಮಾರ್ಚ್‌ನಲ್ಲೇ ಕೇಳುತ್ತಾರೆ, ಕಟ್ಟಿದರೆ ವಾಪಸ್ ಬರುವುದು ಕಷ್ಟ. ಹೋಗುವುದು ಖಚಿತವಾದ ದಿನವೇ ಬರವಣಿಗೆಯಲ್ಲಿ ತಿಳಿಸಿ.

ಟಿಸಿ ವಿಷಯ. 8ನೇ ತರಗತಿಯವರೆಗಿನ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಇದೆ: ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಟಿಸಿ ತಕ್ಷಣ ಕೊಡಬೇಕು, ತಡವಾಯಿತು ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಖಾಸಗಿಯಿಂದ ಖಾಸಗಿಗೆ ಹೋಗುವಾಗ ಬಾಕಿ ಫೀಸಿಗೆ ಟಿಸಿ ಹಿಡಿದಿಟ್ಟುಕೊಳ್ಳುವುದು ನಡೆದೇ ಇದೆ, ಆದ್ದರಿಂದ ಶಾಲೆಯ ಬಾಕಿಯನ್ನು ಮೊದಲು ತೀರಿಸಿ. ಮಗುವಿನ ಎಸ್‌ಎಟಿಎಸ್ (ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ ಬರೆದುಕೊಳ್ಳಿ. ಹಳೆಯ ಶಾಲೆ ಅದರಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯವರು ಕೂರಿಸಿಕೊಂಡರೂ ದಾಖಲೆಯಲ್ಲಿ ಮಗು ಬೆಂಗಳೂರಲ್ಲೇ ಉಳಿದಿರುತ್ತದೆ.

3ನೇ ತರಗತಿಯ ಮಗುವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದಸರಾ ರಜೆಯ ನಂತರ ಸೇರಿಸಿದರೂ ಹೊಂದಿಕೊಳ್ಳುತ್ತದೆ.

ಚಿಗರಿ ಬಸ್

ಹುಬ್ಬಳ್ಳಿ ಬಗ್ಗೆ ಯಾರೂ ಬರೀಲಿಲ್ಲ, ನಾ ಬರೀತೀನಿ. ಇಲ್ಲಿ ಬಾಡಿಗೆ ಕೇಳೂಕಿಂತ ಮೊದ್ಲ ಕೇಳಬೇಕಾದ್ದು "ನೀರು ಎಷ್ಟು ದಿನಕ್ಕೊಮ್ಮೆ?" ಅಂತ. ಕೆಲವು ವಾರ್ಡಿನ್ಯಾಗ 24 ತಾಸು ನೀರು ಐತಿ, ದಾಟಿ ಬಾಜೂ ಬಡಾವಣೆಗೆ ಹೋದ್ರ ವಾರಕ್ಕೊಮ್ಮೆ ಅನ್ನೂ ಪರಿಸ್ಥಿತಿ. ಮನಿ ನೋಡಾಕ ಹೋದಾಗ ಸಂಪಿನ ಮುಚ್ಚಳ ತೆಗಿಸಿ ನೋಡ್ರಿ. ನಾಲ್ಕು ಮಂದಿಗೆ ದಿನಾ 500 ಲೀಟರ್ ಹಿಡದ್ರ ಎಂಟು ದಿನಕ್ಕ 4,000 ಲೀಟರ್ ಬೇಕು. ಎರಡು ಮನಿಗೆ ಒಂದ ಸಂಪ್ ಇದ್ರ 8,000. ಅಷ್ಟು ಇಲ್ಲಾಂದ್ರ ಬೆಂಗಳೂರಿನ ಟ್ಯಾಂಕರ್ ಇಲ್ಲೂ ಬೆನ್ನು ಹತ್ತತೈತಿ.

ಓಡಾಟಕ್ಕ ಹುಬ್ಬಳ್ಳಿ–ಧಾರವಾಡ ಮಧ್ಯ ಚಿಗರಿ ಬಸ್ (ಬಿಆರ್‌ಟಿಎಸ್) ಅದಾವು, ಅವಕ್ಕ ರಸ್ತೆದಾಗ ಬ್ಯಾರೆನ ದಾರಿ ಐತಿ. ವಿದ್ಯಾನಗರ, ನವನಗರ, ಧಾರವಾಡದ ಕಡೆ ಆ ದಾರಿಗೆ ನಡದು ಹೋಗೂ ದೂರದಾಗ ಮನಿ ಹಿಡದ್ರ ಎರಡನೇ ಗಾಡಿ ಬೇಕಾಗಂಗಿಲ್ಲ. ಆದ್ರ ವಾರಕ್ಕ ಮೂರು ದಿನ ಆಫೀಸಿಗೆ ಬಾ ಅನ್ನೂ ಕೆಲಸ ಹುಡುಕೋರಿಗೆ ಹುಬ್ಬಳ್ಳಿ ಆಗಂಗಿಲ್ಲ, ಬೆಂಗಳೂರು 400 ಕಿಲೋಮೀಟರಿಗಿಂತ ಹೆಚ್ಚಿಗೆ. 2023ರ ಜೂನ್‌ನಿಂದ ವಂದೇ ಭಾರತ್ ಓಡಾಕತ್ತೈತಿ, ಖರೆ, ಅದು ತಿಂಗಳಿಗೊಮ್ಮೆ ಹೋಗಾಕ ಚಲೋ. ಪೂರ್ತಿ ಮನಿಂದ ಮಾಡೂ ಕೆಲಸ ಇದ್ರ, ಇಲ್ಲಾ ಇಲ್ಲೇ ಏನರೆ ಮಾಡೂ ವಿಚಾರ ಇದ್ರ ಬರ್ರಿ.

ಕುಕ್ಕರಹಳ್ಳಿ ದಂಡೆ

ಮೈಸೂರಿನ ಪರವಾಗಿ ಇರುವ ದೊಡ್ಡ ಮಾತೇ ದೂರ. ಬೆಳಿಗ್ಗೆ ರೈಲು ಹತ್ತಿ ಕೆಂಗೇರಿಯಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿದರೆ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಇರುವುದರಿಂದ ಎಲೆಕ್ಟ್ರಾನಿಕ್ ಸಿಟಿಯೂ ಮೆಟ್ರೊದಲ್ಲೇ ಸಿಗುತ್ತದೆ. ಆದರೆ ಮನೆ ಬಾಗಿಲಿಂದ ವೈಟ್‌ಫೀಲ್ಡ್ ಆಫೀಸಿಗೆ ಒಂದು ದಿಕ್ಕಿಗೆ ನಾಲ್ಕು ಗಂಟೆ ಅಂತಲೇ ಇಟ್ಟುಕೊಳ್ಳಿ. ವಾರಕ್ಕೆ ಒಂದು ದಿನ ಸಾಧ್ಯ, ಎರಡು ದಿನ ಆದರೆ ಒಂದು ರಾತ್ರಿ ಪಿಜಿಯಲ್ಲಿ ಉಳಿದು, ಮೂರು ದಿನ ಆದರೆ ತಿಂಗಳ ಪಿಜಿ ಬಾಡಿಗೆ ನಿಮ್ಮ ಉಳಿತಾಯದ ಅರ್ಧ ತಿನ್ನುತ್ತದೆ. ಕೆಲಸ ಹುಡುಕುವವರಿಗೆ ಇದರ ಅರ್ಥ ಇಷ್ಟೇ: ಇಂಟರ್‌ವ್ಯೂಗೆ ಹೋಗಿಬರಲು ಮೈಸೂರು ಸಾಕು, ದಿನಾ ಹೋಗಿಬರಲು ತುಮಕೂರಿನಷ್ಟು ಹತ್ತಿರದ ಊರೇ ಬೇಕು.

ಮೈಸೂರಲ್ಲಿ ಮೋಸಹೋಗುವುದು ರಿಂಗ್ ರಸ್ತೆಯ ಆಚೆಯ ಖಾಸಗಿ ಬಡಾವಣೆಗಳಲ್ಲಿ. ಹೊಸ ಮನೆ, ದೊಡ್ಡ ಕಿಟಕಿ, ಬಾಡಿಗೆ 12,000. ಆದರೆ ಬಡಾವಣೆ ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿಲ್ಲ ಅಂದರೆ ಕಾವೇರಿ ಕಬಿನಿ ನೀರಿಲ್ಲ, ಬೋರ್‌ವೆಲ್ ಗತಿ, ಒಳಚರಂಡಿ ಪಿಟ್‌ಗೆ, ಕಸಕ್ಕೆ ಯಾರೂ ಬರುವುದಿಲ್ಲ. ಕುವೆಂಪುನಗರ, ಜೆ.ಪಿ. ನಗರ, ಸರಸ್ವತಿಪುರದ ಹಳೇ ಮನೆಗೆ ಎರಡು ಮೂರು ಸಾವಿರ ಹೆಚ್ಚು ಕೊಟ್ಟರೂ ಅದೇ ಅಗ್ಗ.

ಮಂಗಳೂರು ಅಗ್ಗ ಅಂದುಕೊಂಡು ಹೋಗುವವರು ಕದ್ರಿ, ಬಿಜೈ ಬಾಡಿಗೆ ಒಮ್ಮೆ ಕೇಳಲಿ. ಹೊಸೂರಿಗೆ ಹೋಗುವವರೂ ಇದ್ದಾರೆ, ಬಾಡಿಗೆ ಕಡಿಮೆ, ಎಲೆಕ್ಟ್ರಾನಿಕ್ ಸಿಟಿ ಹತ್ತಿರ. ಆದರೆ ಅದು ತಮಿಳುನಾಡು. ಗಾಡಿ 12 ತಿಂಗಳಿಗಿಂತ ಹೆಚ್ಚು ಅಲ್ಲಿದ್ದರೆ ಮರುನೋಂದಣಿ ಮತ್ತು ಅಲ್ಲಿಯ ತೆರಿಗೆ, ಶಾಲೆಯಲ್ಲಿ 10ನೇ ತರಗತಿವರೆಗೆ ತಮಿಳು ಕಡ್ಡಾಯ. 8ನೇ ತರಗತಿಯ ಮಗುವನ್ನು ಅಲ್ಲಿ ಕೂರಿಸುವ ಸಾಹಸ ಬೇಡ.

ಅರಳಿಕಟ್ಟೆ

ಬಹಳ ಉಪಯೋಗವಾಯಿತು. ಶಾಲೆಯ ಮಾತು ಓದಿದ ಮೇಲೆ ಮೈಸೂರು, ಅದೂ ಈ ವರ್ಷದ ಪರೀಕ್ಷೆ ಮುಗಿದ ಮೇಲೆ ಅಂತ ಅನ್ನಿಸುತ್ತಿದೆ. ಅಲ್ಲಿಯವರೆಗೆ ಪಿಎಫ್ ಮುಟ್ಟದೆ ತಳ್ಳಬಹುದು. ಸಾಮಾನು ಸಾಗಿಸುವ ಬಗ್ಗೆ ಯಾರಾದರೂ ಹೇಳಿ. ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಇನ್ವರ್ಟರ್, ಒಂದು ಎಸಿ ಇದೆ. ಕೋಟ್ ಕೇಳಿದರೆ 14,000ದಿಂದ 42,000ದವರೆಗೆ ಹೇಳುತ್ತಾರೆ.

ಕ್ಯಾಂಟರ್

14,000 ಹೇಳಿದವರನ್ನು ಮೊದಲು ಬಿಡಿ. ಸಾಮಾನು ಹತ್ತಿಸಿದ ಮೇಲೆ "ಇಷ್ಟು ಅಂತ ಹೇಳಿರಲಿಲ್ಲ" ಎಂದು ದುಪ್ಪಟ್ಟು ಕೇಳುವುದು ಈ ಧಂಧೆಯ ಹಳೇ ಪಾಠ, ನಿಮ್ಮ ಮನೆಯೆಲ್ಲ ಅವರ ಲಾರಿಯಲ್ಲಿರುತ್ತದೆ, ಮಾತಾಡುವ ಹಾಗಿಲ್ಲ. ಮನೆಗೆ ಬಂದು ಅಥವಾ ವಿಡಿಯೊದಲ್ಲಿ ಸಾಮಾನು ನೋಡಿ ಪಟ್ಟಿ ಮಾಡದವರಿಗೆ ಕೆಲಸ ಕೊಡಬೇಡಿ. ಕೋಟ್‌ನಲ್ಲಿ ಮೂರು ವಿಷಯ ಬರೆದಿರಲಿ: ಜಿಎಸ್‌ಟಿ ಸೇರಿದೆ, ಎರಡೂ ಕಡೆಯ ಮಹಡಿ ಹತ್ತಿಸಿಳಿಸುವ ಕೂಲಿ ಸೇರಿದೆ, ಲಾರಿ ನಿಮ್ಮೊಬ್ಬರಿಗೇ. ಎರಡು ಬೆಡ್‌ರೂಮ್ ಮನೆಗೆ 14 ಅಡಿ ಕ್ಯಾಂಟರ್ ಸಾಕು. "ಓನರ್ಸ್ ರಿಸ್ಕ್" (ನಷ್ಟ ಮಾಲೀಕರದ್ದೇ) ಅಂತ ಬಿಲ್ಟಿಯಲ್ಲಿ, ಅಂದರೆ ಸಾಗಣೆ ರಸೀದಿಯಲ್ಲಿ, ಇದ್ದರೆ ಒಡೆದದ್ದಕ್ಕೆ ದುಡ್ಡು ಬರುವುದು ಕಷ್ಟ. ವಿಮೆ ಬೇಕಾದರೆ ಪಾಲಿಸಿಯ ಕಾಗದವನ್ನೇ ಕೇಳಿ. ತಿಂಗಳ ಮಧ್ಯದ ವಾರದ ದಿನ ಹಿಡಿದರೆ ದರ ಇಳಿಯುತ್ತದೆ, 30, 31, 1ನೇ ತಾರೀಕು ಮತ್ತು ಭಾನುವಾರ ಎಲ್ಲರಿಗೂ ಅವಸರ.

ಫ್ರಿಜ್ ಅನ್ನು ಹಿಂದಿನ ದಿನವೇ ಆಫ್ ಮಾಡಿ, ಬಾಗಿಲು ತೆರೆದು ಒಣಗಿಸಿ, ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಗ್ಯಾಸ್ ಪೈಪಿಗೆ ಹರಿಯುತ್ತದೆ. ತಲುಪಿದ ಮೇಲೆ ಕನಿಷ್ಠ ನಾಲ್ಕು ಗಂಟೆ ಬಿಟ್ಟು ಆನ್ ಮಾಡಿ, ಮಲಗಿಸಿ ತಂದಿದ್ದರೆ ಒಂದು ದಿನ.

ಫ್ರಂಟ್ ಲೋಡ್ ಮೆಷಿನ್ ಕೊಂಡಾಗ ಹಿಂಬದಿಯಿಂದ ತೆಗೆದ ಮೂರು ನಾಲ್ಕು ಉದ್ದ ಬೋಲ್ಟ್ ಎಲ್ಲಿಟ್ಟಿದ್ದೀರಿ ಹುಡುಕಿ. ಅವಿಲ್ಲದೆ ಲಾರಿಗೆ ಹಾಕಿದರೆ ಡ್ರಮ್ ದಾರಿಯುದ್ದಕ್ಕೂ ಬಡಿದುಕೊಂಡು ಸಸ್ಪೆನ್ಷನ್ ಹೋಗುತ್ತದೆ. ಸಿಗದಿದ್ದರೆ ಅದೇ ಮಾಡೆಲ್‌ನದ್ದನ್ನು ಸರ್ವಿಸ್ ಸೆಂಟರ್‌ನಲ್ಲಿ ತರಿಸಿ. ತಲುಪಿದ ಮೇಲೆ ಬೋಲ್ಟ್ ತೆಗೆಯದೆ ಓಡಿಸಬೇಡಿ, ಮೆಷಿನ್ ಕೋಣೆಯಲ್ಲಿ ನಡೆದಾಡುತ್ತದೆ.

ಇನ್ವರ್ಟರ್ ಬ್ಯಾಟರಿಯನ್ನು ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ಬಿಚ್ಚಿ ನೆಟ್ಟಗೆ ನಿಲ್ಲಿಸಿ, ಬಟ್ಟೆಯ ಡಬ್ಬದ ಹತ್ತಿರ ಬೇಡ, ಆಸಿಡ್ ಚೆಲ್ಲುತ್ತದೆ. ಎಸಿಯನ್ನು ಬಿಚ್ಚುವವನು ಗ್ಯಾಸನ್ನು ಹೊರಗಿನ ಘಟಕಕ್ಕೆ ಎಳೆದು ಮುಚ್ಚಬೇಕು: ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಒಂದೆರಡು ನಿಮಿಷ ಓಡಿಸಿ, ದೊಡ್ಡದನ್ನೂ ಮುಚ್ಚಿ ತಕ್ಷಣ ಆಫ್. ಪೈಪ್ ಬಿಚ್ಚಿ ಸುಮ್ಮನೆ ಬುಸ್ ಎಂದು ಬಿಟ್ಟರೆ ಮೈಸೂರಲ್ಲಿ ಗ್ಯಾಸ್ ತುಂಬಿಸಲು ಮತ್ತೆ ದುಡ್ಡು. ಹಳೆಯ ಎಸಿಯಾದರೆ ಬಿಚ್ಚುವ, ಜೋಡಿಸುವ, ತಾಮ್ರದ ಪೈಪಿನ ಖರ್ಚು ಸೇರಿ ನೋಡಿ, ಬೆಂಗಳೂರಲ್ಲೇ ಮಾರಿ ಹೋಗುವುದು ಲಾಭ ಅನ್ನಿಸಬಹುದು.

ಸಿಲಿಂಡರ್ ಲಾರಿಗೆ ಹಾಕಬೇಡಿ. ಏಜೆನ್ಸಿಗೆ ಸಿಲಿಂಡರು ರೆಗ್ಯುಲೇಟರು ಕೊಟ್ಟು ವರ್ಗಾವಣೆ ಚೀಟಿ ತೆಗೆದುಕೊಳ್ಳಿ, ಠೇವಣಿ ವಾಪಸ್ ಬರುತ್ತದೆ, ಅಲ್ಲಿ ಅಂದಿನ ದರದ ಠೇವಣಿ ಕಟ್ಟಬೇಕು. ಹಳೇ ಠೇವಣಿ ರಸೀದಿ ಹುಡುಕಿಟ್ಟುಕೊಳ್ಳಿ.

ಎರಡನೇ ಅಡ್ಡರಸ್ತೆ

ಬಿಟ್ಟುಹೋದ ಎರಡು. ಗೃಹಜ್ಯೋತಿ ತೆಗೆದುಕೊಳ್ಳುತ್ತಿದ್ದರೆ ಸೇವಾಸಿಂಧುವಿನಲ್ಲಿ ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ (ಕರೆಂಟು ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿದ ಮೇಲೆಯೇ ಹೊಸ ಮನೆಗೆ ಅರ್ಜಿ ಹೋಗುತ್ತದೆ, ಖಾಲಿ ಮಾಡಿದ ವಾರದಲ್ಲೇ ಬಿಡಿಸಿ. ಯುವನಿಧಿ ಸಿಗುತ್ತದೆಯೇ ಎಂದು ಬೇರೆ ಕಡೆ ಒಬ್ಬರು ಕೇಳಿದ್ದರು: ಅದು ಹೊಸದಾಗಿ ಪದವಿ ಡಿಪ್ಲೊಮಾ ಮುಗಿಸಿ 180 ದಿನ ಕೆಲಸ ಸಿಗದವರಿಗೆ, ಕೆಲಸ ಕಳೆದುಕೊಂಡವರಿಗಲ್ಲ.

ಗಾಡಿಯ ನಂಬರ್ ಬದಲಿಸಬೇಕಿಲ್ಲ, ಕೆಎ-03 ಮೈಸೂರಲ್ಲೂ ಕೆಎ-03. ಆರ್‌ಸಿಯಲ್ಲಿ ವಿಳಾಸ ಮಾತ್ರ 30 ದಿನದೊಳಗೆ ಬದಲಾಯಿಸಬೇಕು. ಗಾಡಿ ಸಾಲ ಇದ್ದರೆ ಅದಕ್ಕೆ ಬ್ಯಾಂಕಿನ ಪತ್ರ ಕೇಳುತ್ತಾರೆ, ಹೊರಡುವ ಮೊದಲೇ ಬರೆಸಿಟ್ಟುಕೊಳ್ಳಿ.